ಮಣ್ಣಿಗೆ ಬಾರದ ಮಗ

ನಮ್ಮೂರಲ್ಲಿ ನಾಗಭೂಷಣನ ಹೆಸರು ಎತ್ತಿದರೆ ಸಾಕು, ಕೇಳಿದವರು ಕೂಡಲೇ ಒಂದು ಮಾತು ಸೇರಿಸುತ್ತಾರೆ: "ಅವ್ವನ ಮಣ್ಣಿಗೂ ಬರ್ಲಿಲ್ಲಲ್ಲ, ಅವನಾ?" ಆಲೂರಿನಿಂದ ಚಿಪ್ಪಗಿರಿ ಕಡೆ ಹೋಗುವ ಷೇರ್ ಆಟೋದಲ್ಲಿ ಕುಳಿತಾಗಲೆಲ್ಲ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಆಡುವವರಲ್ಲಿ ಅರ್ಧ ಜನ ಅವನ ಮುಖವನ್ನೇ ಕಂಡವರಲ್ಲ. ಫಾರಿನ್ನಿಗೆ ಹೋದವನು, ದುಡ್ಡಿನ ರುಚಿ ಹತ್ತಿತು, ಹೆತ್ತವಳು ಬೇಡವಾದಳು ಎಂದು ತಾವೇ ಕಥೆ ಕಟ್ಟಿ, ತಾವೇ ತೀರ್ಪು ಕೊಟ್ಟು, ತಮ್ಮ ಸ್ಟಾಪ್ ಬಂದಾಗ ಇಳಿದು ಹೋಗುತ್ತಾರೆ.

ನಾನು ಆಂಧ್ರದ ಗಡಿಯಲ್ಲಿರುವ ಆಲೂರಿನ ಕನ್ನಡ ಶಾಲೆಯಲ್ಲಿ ಮೇಷ್ಟ್ರು. ನಾಗಭೂಷಣನ ಮನೆ ನಮ್ಮ ಹಿಂದಿನ ಓಣಿಯಲ್ಲಿದೆ. ಅವನ ತಾಯಿ ಉಚ್ಚಮ್ಮನಿಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಅವನು ಆ ದಿನ ಯಾಕೆ ಬರಲಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ.

ಅವರದು ಕುರಿ ಸಾಕುವ ಮನೆತನ. ಅಪ್ಪ ಜಂಬಪ್ಪ ಸಾಯುವವರೆಗೂ ಕುರಿಯ ಹಿಂದೆಯೇ ತಿರುಗಿದ. ಮಗನಿಗೆ ಕುರಿ ಒಗ್ಗಲಿಲ್ಲ, ಒಲೆ ಒಗ್ಗಿತು. ಹದಿಹರೆಯದಲ್ಲೇ ಆದೋನಿಗೆ ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿಗೆ ಸೇರಿಕೊಂಡ. ಬೆಳಿಗ್ಗೆ ಮಂಡಾಳು ಎನ್ನುವ ಮಂಡಕ್ಕಿ ನೆನೆಸಿ ಉಗ್ಗಾನಿ ಒಗ್ಗರಣೆ ಹಾಕುವುದು, ಪಕ್ಕದ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ತೆಗೆಯುವುದು ಅವನ ಕೆಲಸ. ಅಲ್ಲಿಂದ ಬಳ್ಳಾರಿಯ ಒಂದು ಧಾಬಾಕ್ಕೆ ಹೋಗಿ ತಂದೂರಿ ಕಲಿತ. ಮದ್ದಿಕೇರದ ಶಿವಲಕ್ಷ್ಮಿಯನ್ನು ಮದುವೆಯಾದ. ಒಬ್ಬಳು ಮಗಳು ಹುಟ್ಟಿದಳು. ಯಾರ ತಂಟೆಗೂ ಹೋಗದ, ಯಾರ ಮೇಲೂ ದನಿ ಏರಿಸದ ಮನುಷ್ಯ.

ಅವನನ್ನು ಫಿನ್ಲೆಂಡಿಗೆ ಕರೆದೊಯ್ದವನು ಹರೀಶ. ಆದೋನಿಯಲ್ಲಿ ಅವನನ್ನು 'ಫಾರಿನ್ ಹರೀಶ' ಎಂದೇ ಕರೆಯುತ್ತಾರೆ. ಓದಲಿಕ್ಕೆಂದು ಹೋದವನು ಅಲ್ಲೇ ಉಳಿದು, ಈಸಲ್ಮಿ ಎಂಬ ಸಣ್ಣ ಊರಿನಲ್ಲಿ ಇಂಡಿಯನ್ ಹೋಟೆಲ್ ಇಟ್ಟಿದ್ದ. ನಮ್ಮೂರಿಗೆ ನೀರಿನ ಫಿಲ್ಟರ್ ಮಾಡಿಸಿ ಕೊಟ್ಟಿದ್ದ. ಅದರ ಗೋಡೆಯ ಮೇಲೆ ಅವನ ಹೆಸರು ನೀರಿಗಿಂತ ಢಾಳಾಗಿ ಕಾಣುತ್ತದೆ. ತಂದೂರಿ ಬಲ್ಲವನೊಬ್ಬ ಬೇಕೆಂದು ತಾನೇ ನಾಗಭೂಷಣನ ಮನೆಗೆ ಬಂದ. ಉಚ್ಚಮ್ಮನ ಕೈಯಲ್ಲಿ ರೊಟ್ಟಿ ಇಸಿದುಕೊಂಡು ಹೊರಸಿನ ಮೇಲೆ ಕೂತು ತಿಂದ. "ಅವ್ವಾ, ನಿನ್ನ ಮಗ ಬ್ಯಾರೆ ಅಲ್ಲ, ನನ್ನ ತಮ್ಮ ಬ್ಯಾರೆ ಅಲ್ಲ. ಹಂಗ ನೋಡ್ಕೋತೀನಿ," ಎಂದ. ಆ ಮಾತಿಗೆ ಅಂದು ಅಲ್ಲೇ ಕೂತಿದ್ದ ನಾನೂ ಸಾಕ್ಷಿ.

ಅಕ್ಟೋಬರಿನಲ್ಲಿ ನಾಗಭೂಷಣ ಅಲ್ಲಿಗೆ ಮುಟ್ಟಿದ. ವಿಮಾನ ಇಳಿದು ಕಾರು ಹತ್ತುತ್ತಲೇ ಹರೀಶ ಅವನ ಪಾಸ್‌ಪೋರ್ಟ್ ಕೇಳಿದ. ಪರ್ಮಿಟ್ ಕೆಲಸಕ್ಕೆ ಬೇಕಾಗುತ್ತದೆ, ತನ್ನ ಹತ್ತಿರವೇ ಇರಲಿ ಎಂದ. ಅಣ್ಣನಂಥವನು ಕೇಳಿದಾಗ ಇಲ್ಲವೆನ್ನುವುದು ಹೇಗೆ? ಇವನು ಕೊಟ್ಟ. ಆಮೇಲೆ ಹರೀಶ ದಾರಿಯುದ್ದಕ್ಕೂ ಬುದ್ಧಿ ಹೇಳುತ್ತಾ ಹೋದ. ಇಲ್ಲಿನ ಜನರ ಕೂಡ ಮಾತಿಗೆ ಹೋಗಬೇಡ. ಅವರಿಗೆ ನಮ್ಮ ಬಣ್ಣ ಕಂಡರೆ ಆಗುವುದಿಲ್ಲ. ಒಂದು ಮಾತು ಹೆಚ್ಚು ಕಡಿಮೆಯಾದರೆ ಪೊಲೀಸರನ್ನು ಕರೆಯುತ್ತಾರೆ. ಯಾರಾದರೂ ಕೇಳಿದರೆ ನನ್ನ ಸಂಬಂಧಿಕ ಅನ್ನು.

ಹೋಟೆಲ್ ಬೆಳಿಗ್ಗೆ ಶುರುವಾದರೆ ರಾತ್ರಿಯವರೆಗೂ ಕೆಲಸ. ಭಾನುವಾರ ಇಲ್ಲ, ಹಬ್ಬ ಇಲ್ಲ. ಮಲಗಲಿಕ್ಕೆ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಹರೀಶನದೇ ಒಂದು ಕೋಣೆ. ಅಡುಗೆಮನೆಯ ಗೋಡೆಯಲ್ಲಿ ತಟ್ಟೆ ಕೊಡುವ ಒಂದು ಕಿಂಡಿ ಇತ್ತು. ಒಂದೂವರೆ ವರ್ಷ ನಾಗಭೂಷಣ ಫಿನ್ಲೆಂಡಿನ ಜನರನ್ನು ನೋಡಿದ್ದು ಆ ಕಿಂಡಿಯಿಂದಲೇ.

ಅವರು ಹನ್ನೊಂದಕ್ಕೆಲ್ಲ ಮಧ್ಯಾಹ್ನದ ಊಟಕ್ಕೆ ಬಂದುಬಿಡುತ್ತಿದ್ದರು. ಕೋಳಿ ಸಾರು, ಅನ್ನ, ನಾನ್ ರೊಟ್ಟಿ ಬಡಿಸಿಕೊಂಡು, ಪಕ್ಕದಲ್ಲಿ ಒಂದು ಲೋಟ ತಣ್ಣನೆಯ ಹಾಲು ಇಟ್ಟುಕೊಳ್ಳುವರು. ಖಾರದ ಸಾರಿನ ಮೇಲೆ ಹಾಲು ಕುಡಿಯುವುದನ್ನು ಕಂಡು ಇವನು ಮೊದಮೊದಲು ಮುಖ ತಿರುಗಿಸಿಕೊಳ್ಳುತ್ತಿದ್ದ. ಒಂದೇ ಮೇಜಿಗೆ ಕೂತ ನಾಲ್ಕು ಜನ ಊಟ ಮುಗಿಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಉಂಡ ತಟ್ಟೆಯನ್ನು ತಾವೇ ಎತ್ತಿ ತಂದು ಜಾಗದಲ್ಲಿಟ್ಟು, ಕಿಂಡಿಯ ಕಡೆ ತಿರುಗಿ "ಕೀತೋಸ್" ಅನ್ನುವರು. ಉಪಕಾರವಾಯಿತು ಎಂದು ಅದರ ಅರ್ಥ. ಚಿಕ್ಕ ಮಕ್ಕಳು "ಐತಿ, ಐತಿ" ಎಂದು ಕೂಗುವುದು ಕೇಳಿ ಇವನು ಒಮ್ಮೆ ಬೆಚ್ಚಿಬಿದ್ದಿದ್ದ. ನಮ್ಮ ಮಾತು ಇವಕ್ಕೆ ಹೇಗೆ ಬಂತು, ಏನೈತಿ ಅಂತ ಹೇಳ್ತಾವ ಎಂದು ಇಣುಕಿ ನೋಡಿದರೆ, ಮಕ್ಕಳು ಕರೆಯುತ್ತಿದ್ದದ್ದು ತಾಯಂದಿರನ್ನು. ಅವರ ಭಾಷೆಯಲ್ಲಿ ಐತಿ ಅಂದರೆ ಅವ್ವ. ಇದನ್ನು ಅವನು ಉಚ್ಚಮ್ಮನಿಗೆ ಫೋನಿನಲ್ಲಿ ಹೇಳಿದಾಗ ಆಕೆ ಓಣಿಗೆಲ್ಲ ಹೇಳಿಕೊಂಡು ಬಂದಳು.

ಅವನನ್ನು ಒಳಗೊಳಗೇ ಸುಟ್ಟದ್ದು ಎದುರು ಮನೆಯ ಮುದುಕಿ. ಬಾಗಿಲ ಮೇಲೆ ಅವಳ ಮನೆತನದ ಹೆಸರು ಇತ್ತು, ಓದಲಿಕ್ಕೆ ಬರುತ್ತಿರಲಿಲ್ಲ. ಇವನು ಹೊರಗೆ ಬಂದ ಹೊತ್ತಿಗೇ ಅವಳೂ ಬಾಗಿಲು ತೆಗೆದಿದ್ದರೆ, ಇವನನ್ನು ಕಂಡವಳೇ ಪಟ್ಟನೆ ಒಳಗೆ ಸರಿದು ಬಾಗಿಲು ಮುಚ್ಚುವಳು. ಇವನ ಹೆಜ್ಜೆಯ ಸಪ್ಪಳ ಮೆಟ್ಟಿಲು ಇಳಿದು ಹೋದ ಮೇಲೆಯೇ ಆ ಬಾಗಿಲು ಮತ್ತೆ ತೆರೆಯುತ್ತಿತ್ತು. "ಆಕಿ ನಾಯಿ ಜೋಡಿನೂ ಮಾತಾಡ್ತಾಳಣ್ಣ," ಎಂದು ಅವನು ನನಗೆ ಫೋನಿನಲ್ಲಿ ಹೇಳಿದ್ದ. "ನಾ ಜಳಕ ಮಾಡಿ, ಇಬತ್ತಿ ಹಚ್ಕೊಂಡು ಹೊರಗ ಬಂದ್ರ ಬಾಗ್ಲಾ ಹಾಕ್ಕೋತಾಳ. ನಾನೇನು ರೋಗ ಹೊತ್ಕೊಂಡು ಬಂದೀನೇನು?" ಇದನ್ನೇ ಹರೀಶನಿಗೆ ಹೇಳಿದರೆ ಅವನು ನಕ್ಕು, "ನಾ ಮೊದಲ ಹೇಳಿಲ್ಲೇನು? ನಿನಗ ಇಲ್ಲಿ ನಾನೊಬ್ಬನ," ಎಂದನಂತೆ.

ಅವನು ಹೋದ ಮೇಲಿನ ಎರಡನೇ ಶಿವರಾತ್ರಿಯ ಮರುದಿನ ಉಚ್ಚಮ್ಮ ಮೇವು ಕೊಯ್ಯಲು ಹೋದವಳು ಹೊಲದಲ್ಲೇ ಕುಸಿದಳು. ಆದೋನಿಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಫೋನ್ ಮಾಡಿದವನು ನಾನೇ.  ನಾಗಭೂಷಣ, "ಇಡ್ರಿ ಅಣ್ಣ, ನಾ ಬರ್ತೀನಿ. ನಾ ಬರೋತನ ಇಡ್ರಿ," ಎಂದ.

ನಾವು ಇಟ್ಟೆವು. ಆದೋನಿಯಿಂದ ಐಸ್ ಪೆಟ್ಟಿಗೆ ತರಿಸಿದೆವು. ಶಿವಲಕ್ಷ್ಮಿ ಪೆಟ್ಟಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಕರೆಂಟು ಹೋದಾಗಲೆಲ್ಲ ಗಾಬರಿ. ಮರುದಿನ ಸಂಜೆಯಾಯಿತು. ಅವನ ಫೋನ್ ಹತ್ತುತ್ತಿರಲಿಲ್ಲ. ಕೊನೆಗೆ ಅವನಿಂದ ಒಂದೇ ಮಾತು ಬಂತು: "ಬರಾಕ ಆಗವಲ್ದು. ಫೋನಿನ್ಯಾಗ ನನಗ ತೋರ್ಸು ಅಣ್ಣ, ಸಾಕು."

ಅಲ್ಲಿ ನಡೆದದ್ದು ಇದು. ನಾಗಭೂಷಣ ಕೈಯ ಹಿಟ್ಟು ಕೂಡ ತೊಳೆಯದೆ ಹರೀಶನ ಮುಂದೆ ನಿಂತು, "ಅಣ್ಣ, ಅವ್ವ ಹೋದ್ಳು. ಪಾಸ್‌ಪೋರ್ಟ್ ಕೊಡು, ಹೋಗಿ ಬರ್ತೀನಿ," ಎಂದ. ಹರೀಶ ತಲೆ ತಗ್ಗಿಸಿ ಬಾಯಲ್ಲಿ ಚ್ಚ್ ಚ್ಚ್ ಎಂದ. ಆಮೇಲೆ, ಇದು ಮಂಜಿನ ಮೇಲೆ ಜಾರಲು ಜನ ಬರುವ ರಜೆಯ ವಾರ, ಹೋಟೆಲ್ ತುಂಬಿರುತ್ತದೆ, ತಂದೂರಿಗೆ ಬೇರೆ ಆಳಿಲ್ಲ ಎಂದ. ಇವನು ಮತ್ತೆ ಕೇಳಿದ. "ನೀ ಹೋಗಿ ಮುಟ್ಟೋಷ್ಟರಾಗ ಮಣ್ಣಾಗಿರ್ತೈತಿ. ಹೋಗಿ ಏನ್ ಮಾಡ್ತಿ?" ಎಂದ ಹರೀಶ. ಮೂರನೆಯ ಸಲ ಕೇಳಿದಾಗ ದನಿ ಬದಲಾಯಿತು: "ಪಾಸ್‌ಪೋರ್ಟ್ ಆಫೀಸ್ನಾಗ ಐತಿ. ಅದಿಲ್ಲದ ಹೊರಗ ಹೋದ್ರ ಜೈಲಿಗೆ ಹಾಕ್ತಾರ. ಆಮ್ಯಾಲ ಹೆಂಡ್ತಿ ಮಗಳ ಮುಖಾನೂ ನೋಡಂಗಿಲ್ಲ." ಅದು ಹಸಿ ಸುಳ್ಳು. ಪಾಸ್‌ಪೋರ್ಟ್ ಯಾವ ಆಫೀಸಿನಲ್ಲೂ ಇರಲಿಲ್ಲ.

ಉಚ್ಚಮ್ಮನ ಕೈ ರೊಟ್ಟಿ ತಿಂದ ಬಾಯಿ ಅದು. 

ಮಣ್ಣಿನ ದಿನ ನಾನು ಕುಣಿಯ ಅಂಚಿನಲ್ಲಿ ಫೋನ್ ಹಿಡಿದು ನಿಂತೆ. ಪರದೆಯಲ್ಲಿ ನಾಗಭೂಷಣನ ಮುಖ, ಹಿಂದೆ ತಂದೂರ್ ಒಲೆಯ ಕೆಂಪು. ಅವನು ಬಾಯಿಗೆ ಟವೆಲ್ ಒತ್ತಿ ಹಿಡಿದಿದ್ದ. ಅವ್ವನನ್ನು ಇಳಿಸುವ ಹೊತ್ತಿಗೆ ಅವನ ಬೆನ್ನ ಹಿಂದಿನಿಂದ ಒಂದು ದನಿ ಸ್ಪಷ್ಟವಾಗಿ ಬಂತು: "ನಾಲ್ಕು ನಾನ್, ಜಲ್ದಿ." ಹರೀಶನ ದನಿ. ನನ್ನ ಸುತ್ತ ನಿಂತವರೆಲ್ಲ ಕೇಳಿದರು. ನಾಗಭೂಷಣ ತಿರುಗಿದ, ಪರದೆ ಕಪ್ಪಾಯಿತು.

ನಮ್ಮ ಹಿರಿಯ ಗೋವಿಂದಪ್ಪ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ, ಹಿಡಿ ಮಣ್ಣು ಹಾಕಿ ಕೈ ಝಾಡಿಸಿಕೊಂಡು ಅಂದ: "ಅವ್ವ ಕುಣ್ಯಾಗ ಇಳೀತಾಳ, ಮಗ ರೊಟ್ಟಿ ಬಡೀತಾನ." ಮಣ್ಣಿಗೂ ಬರಲಿಲ್ಲ ಎಂಬ ಊರ ಮಾತು ಹುಟ್ಟಿದ್ದು ಅಲ್ಲಿಂದ. 'ನಾಲ್ಕು ನಾನ್' ಎಂದವನು ಯಾರೆಂದು ಒಬ್ಬರೂ ಕೇಳಲಿಲ್ಲ.

ಹನ್ನೊಂದನೆಯ ದಿನ ನಾಗಭೂಷಣ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ತಲೆ ಬೋಳಿಸಿಕೊಂಡ. ಕ್ಷೌರಿಕನಿಲ್ಲ, ಅಣ್ಣತಮ್ಮಂದಿರಿಲ್ಲ. ಕಿವಿಯ ಹಿಂದೆ ಎರಡು ಕಡೆ ಕೊಯ್ದುಕೊಂಡ. ಸ್ನಾನ ಮಾಡಿ, ಅನ್ನ ಬೇಯಿಸಿ, ಕಾಗೆಗೆಂದು ಕಿಟಕಿಯ ಹೊರಗಿನ ಮಂಜಿನ ಮೇಲೆ ಇಟ್ಟ. ಆಮೇಲೆ ಕೆಲಸಕ್ಕೆ ಹೋದ.

ಆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಬಟ್ಟೆ ಒಗೆಯುವ ಮಷೀನಿನ ಒಂದು ಕೋಣೆ ಇದೆ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಇವನು ಅಲ್ಲಿದ್ದಾಗ ಎದುರು ಮನೆಯ ಮುದುಕಿ ಬಟ್ಟೆಯ ಬುಟ್ಟಿ ಹಿಡಿದು ಬಂದಳು. ಇವನನ್ನು ಕಂಡು ಎಂದಿನಂತೆ ಹಿಂದೆ ಸರಿದಳು. ಆಮೇಲೆ ಯಾಕೋ ನಿಂತಳು. ಇವನ ಬೋಳು ತಲೆಯನ್ನೇ ನೋಡಿದಳು, ಕಿವಿಯ ಹಿಂದಿನ ಗಾಯ ನೋಡಿದಳು. "ಸೈರಾಸ್?" ಎಂದಳು. ಕಾಯಿಲೆಯೇ ಎಂದು ಕೇಳಿದ್ದು. ಒಂದೂವರೆ ವರ್ಷದಲ್ಲಿ ಅವಳು ಇವನಿಗೆ ಆಡಿದ ಮೊದಲ ಮಾತು.

ಇವನಿಗೆ ಬರುತ್ತಿದ್ದದ್ದು ಅಡುಗೆಮನೆಯಲ್ಲಿ ಕಿವಿಗೆ ಬಿದ್ದ ಹತ್ತಾರು ಪದ. 'ಪೊಯಿಸ್' ಅಂದರೆ ತೆಗೆದುಬಿಡು, ಆಚೆಗೆ ಎಂದು ಗೊತ್ತಿತ್ತು. ತಲೆ ಮುಟ್ಟಿಕೊಂಡು, "ಐತಿ. ಐತಿ ಪೊಯಿಸ್," ಎಂದ.

ಮುದುಕಿ ಬುಟ್ಟಿಯನ್ನು ನೆಲಕ್ಕಿಟ್ಟಳು. ಹತ್ತಿರ ಬಂದು ಅವನ ಕೈ ಹಿಡಿದುಕೊಂಡು "ಒತಾನ್ ಓಸಾ" ಎಂದಳು. ಸತ್ತ ಮನೆಯವರಿಗೆ ಅವರು ಹೇಳುವ ಮಾತಂತೆ ಅದು. ನಾನೂ ಪಾಲು ತಗೊಳ್ತೀನಿ ಎಂದು ಅದರ ಅರ್ಥ. ಅರ್ಥ ಗೊತ್ತಾದದ್ದು ಆಮೇಲೆ. ಆ ಕ್ಷಣಕ್ಕೆ ಗೊತ್ತಾದದ್ದು ಕೈಯ ಬಿಸಿ ಮಾತ್ರ. ಅವ್ವ ಸತ್ತ ಮೇಲೆ ಅವನನ್ನು ಮನುಷ್ಯರು ಯಾರೂ ಮುಟ್ಟಿರಲಿಲ್ಲ. ಮಷೀನಿನ ಪಕ್ಕದ ಬೆಂಚಿನ ಮೇಲೆ ಕೂತು ಅವನು ಅತ್ತುಬಿಟ್ಟ. ಅವಳು ಪಕ್ಕದಲ್ಲಿ ಕೂತಳು.

ಅವಳ ಹೆಸರು ರೈಲಿ. ರೈಲು ಜಂಕ್ಷನ್ ಇರುವ ಗುಂತಕಲ್ ಪಕ್ಕದಲ್ಲಿ ಬೆಳೆದವನು ಆ ಹೆಸರು ಮರೆಯುವುದುಂಟೇ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಮನೆಗೆ ಕರೆದು ಕಾಫಿ ಕೊಟ್ಟಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವುದು ಅಲ್ಲಿಯೂ ಉಂಟೆಂದು ಇವನಿಗೆ ತಿಳಿದದ್ದು ಆವತ್ತೇ. ಫೋನಿನ ಅನುವಾದದ ಆ್ಯಪಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿರುಗಿಸಿಕೊಳ್ಳುತ್ತಾ ಮಾತಾಡಿದರು. ಬಾಗಿಲು ಯಾಕೆ ಹಾಕಿಕೊಳ್ಳುತ್ತಿದ್ದೆ ಎಂದು ಇವನು ಕೇಳಿಯೇಬಿಟ್ಟ. ಅವಳು ನಾಚಿಕೊಂಡಳಂತೆ. ನಾವು ಎಲ್ಲರಿಗೂ ಹಾಗೇ ಮಾಡುತ್ತೇವೆ, ಎದುರಾಗಿ ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಎಂದು. ನನ್ನ ತಂಗಿ ಈ ಕಟ್ಟಡದಲ್ಲಿದ್ದಾಗ ಅವಳಿಗೂ ಹಾಗೇ ಮಾಡುತ್ತಿದ್ದೆ ಎಂದಳು. ಇವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹರೀಶ ಇಪ್ಪತ್ತು ವರ್ಷದಿಂದ ಅಲ್ಲಿರುವವನು. ಅವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಅವರ ಮೌನವನ್ನು ಹೇಸಿಗೆ ಎಂದು ಹೆಸರಿಟ್ಟು ಇವನ ತಲೆಗೆ ತುಂಬಿದ.

ಆಮೇಲೆ ರೈಲಿ ಕೇಳಿದಳು, ಮಣ್ಣಿಗೆ ಹೋಗಿದ್ದೆಯಾ? ಇವನು ಇಲ್ಲವೆಂದ. ಯಾಕೆ? "ಪಾಸ್‌ಪೋರ್ಟ್ ಹರೀಶನ ಹತ್ರ." ಅವಳಿಗೆ ಅರ್ಥವಾಗಲಿಲ್ಲ. ಫೋನು ತಪ್ಪು ತಿರುಗಿಸಿರಬೇಕು ಎಂದು ಮತ್ತೆ ಹೇಳಿಸಿದಳು. ಮತ್ತೆ ಅದೇ ಬಂತು. ಅವಳ ಮುಖ ಕೆಂಪಾಯಿತು. ಕಾಫಿಯ ಕಪ್ಪನ್ನು ಸರಿಸಿ, "ಎಯ್ ಕ್ಯಾಯ್," ಎಂದಳು. ಇದು ನಡೆಯುವುದಿಲ್ಲ ಎಂದು. ಪೊಲೀಸರ ಹತ್ತಿರ ಹೋಗೋಣ ನಡೆ ಎಂದಳು. ಇವನು ಕೈ ಮುಗಿದು ಬೇಡವೆಂದ. ಜೈಲಿನ ಮಾತು ಅವನೊಳಗೆ ಅಷ್ಟು ಆಳ ಇಳಿದಿತ್ತು.

"ನನಗಿಂತ ಆಕಿಗೆ ಸಿಟ್ಟು ಬಂದಿತ್ತಣ್ಣ," ಎಂದು ನಾಗಭೂಷಣ ಆಮೇಲೆ ನನಗೆ ಹೇಳಿದ. "ನಮ್ಮವ್ವನ್ನ ಆಕಿ ಕಂಡಿಲ್ಲ, ಕೇಳಿಲ್ಲ. ಆದ್ರೂ ಬಂತು. ನಾನ್ಯಾಕ ಇನ್ನಾ ಕೈ ಮುಗೀತಾ ಕೂತೀನಿ ಅನ್ನಿಸ್ತು."

ಮರುದಿನ ಮಧ್ಯಾಹ್ನ ರೈಲಿ ಒಬ್ಬಳೇ ಹೋಟೆಲಿಗೆ ಬಂದಳು. ಎಲ್ಲರಂತೆ ಊಟ ಬಡಿಸಿಕೊಂಡು ಉಂಡಳು. ತಟ್ಟೆಯನ್ನು ಜಾಗದಲ್ಲಿಟ್ಟು ಕೌಂಟರಿಗೆ ಹೋಗಿ, ತುಂಬಿದ ಹೋಟೆಲಿನಲ್ಲಿ ಎಲ್ಲರಿಗೂ ಕೇಳುವಂತೆ ಹರೀಶನನ್ನು ಕೇಳಿದಳು: "ಅಡುಗೆಯವನ ಪಾಸ್‌ಪೋರ್ಟ್ ಎಲ್ಲಿದೆ?" ಆ ಊರಿನಲ್ಲಿ ಹಾಗೆ ದನಿ ಎತ್ತಿ ಯಾರೂ ಮಾತಾಡುವುದಿಲ್ಲ. ಚಮಚದ ಸದ್ದೆಲ್ಲ ನಿಂತುಹೋಯಿತು. ಕಿಂಡಿಯ ಹಿಂದೆ ನಾಗಭೂಷಣ ಕೈಯ ಹಿಟ್ಟು ಒರೆಸಿಕೊಂಡು ಇಣುಕಿದ.

ಹರೀಶ ನಕ್ಕ. ಭದ್ರವಾಗಿ ಇಟ್ಟಿದ್ದೇನೆ ಎಂದ. ತಂದುಕೊಡು ಎಂದಳು ಅವಳು. ಈಗ ಆಗುವುದಿಲ್ಲ ಎಂದ. ಆಗಲಿ, ಕಾಯುತ್ತೇನೆ ಎಂದು ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಕೂತು ಚೀಲದಿಂದ ಉಲ್ಲನ್ ಹೆಣಿಗೆ ತೆಗೆದಳು.

ಹರೀಶ ಅವಳ ಮೇಜಿಗೆ ಹೋಗಿ ಮಾತಾಡಿದ. ಅವನಿಗೆ ಅವರ ಭಾಷೆ ನೀರು ಕುಡಿದ ಹಾಗೆ ಬರುತ್ತದೆ. ನಕ್ಕು ಹೇಳಿದ, ಬೇಜಾರಾದವನಂತೆ ಹೇಳಿದ, ಕಾಫಿ ತಂದಿಟ್ಟ. ಅವಳು ಕಾಫಿ ಮುಟ್ಟಲಿಲ್ಲ, ಮಾತಿಗೆ ಮಾತು ಕೊಡಲಿಲ್ಲ. ಪಕ್ಕದ ಟೈರ್ ಅಂಗಡಿಯ ಇಬ್ಬರು ದಿನಾ ಬರುವ ಗಿರಾಕಿಗಳಿದ್ದರು. ಊಟ ಮುಗಿದರೂ ಅವರು ಏಳಲಿಲ್ಲ. ಇನ್ನೊಬ್ಬ ಹೆಂಗಸು ಕೋಟು ಹಾಕಿಕೊಂಡವಳು ಮತ್ತೆ ಬಿಚ್ಚಿ ಕೂತಳು. ಮಧ್ಯಾಹ್ನದ ಊಟದ ಹೊತ್ತು ಮುಗಿಯಿತು, ಯಾರೂ ಏಳಲಿಲ್ಲ. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಸುಮ್ಮನೆ ಅವನನ್ನು ನೋಡುತ್ತಾ ಕೂತರು. ಹೊರಗೆ ಬೆಳಕು ಕಡಿಮೆಯಾಗತೊಡಗಿದಾಗ ಹರೀಶ ಎದ್ದು ಹೋಗಿ ತನ್ನ ಕಾರಿನಿಂದ ಪಾಸ್‌ಪೋರ್ಟ್ ತಂದು ಮೇಜಿನ ಮೇಲೆ ಎಸೆದ. ಕಾರಿನಿಂದ. ಅಷ್ಟು ದಿನವೂ ಅದು ಹೋಟೆಲಿನ ಮುಂದೆ ನಿಲ್ಲುವ ಕಾರಿನಲ್ಲಿತ್ತು. ಉಚ್ಚಮ್ಮ ಐಸ್ ಪೆಟ್ಟಿಗೆಯಲ್ಲಿದ್ದ ಎರಡು ದಿನವೂ.

ರೈಲಿ ಅದನ್ನು ಎತ್ತಿ ಕಿಂಡಿಯ ಹತ್ತಿರ ಬಂದು ನಾಗಭೂಷಣನ ಕೈಗೆ ಕೊಟ್ಟಳು. ಅವನು ಏಪ್ರನ್ ಬಿಚ್ಚಿಟ್ಟು ಹೊರಗೆ ಬಂದ. ಹರೀಶ ಹಲ್ಲು ಕಚ್ಚಿ ತೆಲುಗಿನಲ್ಲಿ, "ಮನ ಪರುವು ತೀಸಾವು ಕದರಾ," ಎಂದ. ನಮ್ಮ ಮರ್ಯಾದೆ ಕಳೆದೆಯಲ್ಲೋ ಎಂದು. ನಾಗಭೂಷಣ ಪಾಸ್‌ಪೋರ್ಟ್ ಜೇಬಿಗಿಟ್ಟುಕೊಂಡು ರೈಲಿಯ ಹಿಂದೆ ಬಾಗಿಲು ದಾಟಿದ.

ಆಮೇಲೆ ಅವನೇ ರೈಲಿಯ ಜೊತೆ ಪೊಲೀಸರ ಹತ್ತಿರ ಹೋದ. ಜೈಲಿಗೆ ಯಾರೂ ಹಾಕಲಿಲ್ಲ, ಕುರ್ಚಿ ಕೊಟ್ಟು ಕೂಡಿಸಿ ಕೇಳಿದರು. ಹರೀಶನ ಮೇಲೆ ಕೇಸು ಆಯಿತು. ಅಲ್ಲೇ ಉಳಿದು ಬೇರೆ ಕೆಲಸ ಹುಡುಕಿಕೊಳ್ಳಲು ಅವನಿಗೆ ಹೊಸ ಪರ್ಮಿಟ್ ಸಿಕ್ಕಿತು. ರೈಲಿ ಮೊದಲಿದ್ದ ಶಾಲೆಯ ಅಡುಗೆಮನೆಯಲ್ಲೇ ಕೆಲಸ, ಅದೇ ಕಟ್ಟಡದಲ್ಲಿ ಬಾಡಿಗೆಗೆ ಬೇರೆ ಕೋಣೆ ಸಿಕ್ಕಿತು. ಮೇ ತಿಂಗಳಲ್ಲಿ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಅಂಗಳದ ಎಲೆ ಗುಡಿಸುವ ದಿನ ಇವನೂ ಇಳಿದು ಹೋಗಿ ಒಂದು ಪೊರಕೆ ಹಿಡಿದ. ನಮ್ಮ ಕಡೆ ಮುಯ್ಯಾಳು ಹೋದಂತೆ, ಒಬ್ಬರ ಕೆಲಸಕ್ಕೆ ಎಲ್ಲರೂ. ಅಂದು ಮೂವರು ಅವನ ಹೆಸರು ಕೇಳಿದರು. ಹೆಸರು ಉದ್ದವಾಯಿತೆಂದು ಒಬ್ಬ 'ನಾಗು' ಸಾಕೇ ಎಂದ. ಸಾಲದು, ಪೂರ್ತಿ ಹೇಳು ಎಂದು ಇವನು ಹೇಳಿಸಿದನಂತೆ. ನಮ್ಮ ನಾಗಭೂಷಣ ಹಾಗೆ ಹೇಳಿದ್ದು ಕೇಳಿ ನನಗೆ ಸಂತೋಷವಾಯಿತು.

ಅವ್ವನ ವರ್ಷದ ದಿನಕ್ಕೆ ಅವನು ಊರಿಗೆ ಬಂದ. ಅದೇ ವಾರ ಹರೀಶನೂ ಆದೋನಿಗೆ ಬಂದಿದ್ದ. ಅಲ್ಲಿ ಕೇಸು ನಡೆದಿದ್ದರೆ ಇಲ್ಲಿ ಅವನಿಗೆ ಸನ್ಮಾನ. ಒಂದು ಕಲ್ಯಾಣ ಮಂಟಪದ ಮುಂದೆ ಆಳೆತ್ತರದ ಫ್ಲೆಕ್ಸ್, ಅದರಲ್ಲಿ ಕೈ ಮುಗಿದ ಹರೀಶ. ಹೊಸದಾಗಿ ನಾಲ್ವರನ್ನು ಕರೆದುಕೊಂಡು ಹೋಗಲು ಬಂದಿದ್ದಾನೆಂದು ಮಾತು. ನಾಲ್ವರಲ್ಲಿ ಒಬ್ಬ ಚಿಪ್ಪಗಿರಿಯ ನರೇಶ, ಆಟೋ ಓಡಿಸುವವನು, ಶಿವಲಕ್ಷ್ಮಿಗೆ ದೂರದ ತಮ್ಮನಾಗಬೇಕು.

ನಾಗಭೂಷಣ ನನ್ನನ್ನು ಕರೆದುಕೊಂಡು ಆ ಸಭೆಗೆ ಹೋದ. ಹಿಂದಿನ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲಿದ್ದ ಗೋವಿಂದಪ್ಪ ನಮ್ಮನ್ನು ಕಂಡ. ಏನೂ ಅರಿಯದ ಅವನು ಮೈಕಿನಲ್ಲಿ, "ನಮ್ಮೂರ ಹುಡುಗ, ಹರೀಶಪ್ಪನ ಹತ್ರ ಕೆಲಸ ಮಾಡಿದವ ಬಂದಾನ, ಎರಡು ಮಾತು ಆಡ್ಲಿ," ಎಂದು ಕರೆದುಬಿಟ್ಟ. ಹರೀಶನ ಮುಖ ಬಿಳಿಚಿಕೊಂಡಿತು.

ನಾಗಭೂಷಣ ಮೈಕ್ ಹಿಡಿದ. ಸಭೆಗೆ ಕೈ ಮುಗಿದ. ಆಮೇಲೆ ಹೇಳಿದ:

"ಎಲ್ಲಾರಿಗೂ ಶರಣು. ನಾನು ಉಚ್ಚಮ್ಮನ ಮಗ. ಅವ್ವನ ಮಣ್ಣಿಗೆ ಬಾರದವ ಅಂತೀರಲ್ಲ, ಅವನಾ ನಾನು. ಹರೀಶಣ್ಣ, ನಮ್ಮವ್ವ ಸತ್ತ ದಿನ ನನ್ನ ಪಾಸ್‌ಪೋರ್ಟ್ ಎಲ್ಲಿತ್ತು? ಇಷ್ಟು ಮಂದಿ ಮುಂದ ಅದೊಂದು ಹೇಳು. ಹೇಳಿದ್ರ ನಿನ್ನ ಶಾಲು ನಾನ ಹೊದಸ್ತೀನಿ."

ಹರೀಶ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿ, "ತಮ್ಮಾ, ಆಮ್ಯಾಲ ಕೂತು ಮಾತಾಡೋಣು," ಎಂದ. ನಾಗಭೂಷಣ ಆ ಕೈಯನ್ನು ಹೆಗಲಿನಿಂದ ಕೆಳಗಿಳಿಸಿದ. "ಕಾರಿನ್ಯಾಗಿತ್ತು. ಹೋಟ್ಲ ಮುಂದಿನ ಕಾರಿನ್ಯಾಗ," ಎಂದ. ಅಷ್ಟರಲ್ಲಿ ಯಾರೋ ಮೈಕ್ ಆರಿಸಿದರು. ಅವನು ಮೈಕಿಲ್ಲದೆಯೇ ಮುಂದುವರಿಸಿದ. ಮುಂದಿನ ಸಾಲಿನಿಂದ "ದಿಗವಯ್ಯಾ, ದಿಗು" ಎಂದು ಕೂಗಿದರು, ಇಳಿ ಕೆಳಗೆ ಎಂದು. ಯಾರೋ ಅಂಗಿ ಹಿಡಿದು ಎಳೆದರು. ಇವನಿಗೆ ತಲೆ ನೆಟ್ಟಗಿಲ್ಲ, ತಾಯಿ ಸತ್ತಾಗಿನಿಂದ ಹೀಗೇ ಎಂದು ಹರೀಶ ಪಕ್ಕದವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಬಂತೇ ಎಂದು ನೋಡಿದವರು ಯಾರೂ ಇಲ್ಲ.

ಹೊರಗೆ ಗೋವಿಂದಪ್ಪ ನಮ್ಮ ಹಿಂದೆಯೇ ಬಂದ. "ನಾಲ್ಕು ಮಂದ್ಯಾಗ ಹಿಂಗ ಕೇಳ್ತಾರನೋ? ಒಳಗ ಕರದು ಕೇಳಬೌದಿತ್ತಲ್ಲ."

"ಒಳಗ ಕೇಳಿದ್ದೆ ಕಾಕಾ. ಮೂರು ಸಲ ಕೇಳಿದ್ದೆ. ಅವ ನಾಲ್ಕು ನಾನ್ ಅಂದ. ನಿಮಗೂ ಕೇಳ್ಸಿತ್ತು."

ಗೋವಿಂದಪ್ಪ ಊಟಕ್ಕೆ ಒಳಗೆ ಹೋದ.

ಮರುದಿನ ನರೇಶನ ತಾಯಿ ಲಿಂಗಕ್ಕ ಮಗನನ್ನು ಎಳೆದುಕೊಂಡು ನಾಗಭೂಷಣನ ಮನೆಗೆ ಬಂದಳು. ಸಭೆಯ ಸುದ್ದಿ ಅವಳಿಗೆ ಮುಟ್ಟಿತ್ತು. "ನನಗ ಬ್ಯಾರೆ ಏನೂ ಬ್ಯಾಡ," ಎಂದಳು. "ನಾ ಸತ್ರ ಇವ ಬರಾಕ ಆಕ್ಕೈತೋ ಇಲ್ಲೋ, ಅಷ್ಟ ಹೇಳು."

"ಆ ದೇಶಕ್ಕ ಹೋದ್ರ ಆಕ್ಕೈತಿ ಅತ್ತಿ. ಒಳ್ಳೆ ಮಂದಿ. ಅವನ ಕೈಯಾಗ ಹೋದ್ರ ಆಗಂಗಿಲ್ಲ," ಎಂದ ನಾಗಭೂಷಣ.

ನರೇಶ ಸಿಟ್ಟಿನಿಂದ, "ನೀ ಸೆಟಲ್ ಆಗೀದಿ, ನಾವು ಬರೋದು ನಿನಗ ಬ್ಯಾಡಾಗೈತಿ," ಎಂದು ಎದ್ದು ಹೋದ. ಆದರೆ ತಾಯಿ ಹಟ ಹಿಡಿದಳು. ನರೇಶ ಹೋಗಲಿಲ್ಲ. ಇಂದಿಗೂ ಅವನು ನಾಗಭೂಷಣನ ಹೆಸರು ಹೇಳಿದರೆ ಉಗುಳುತ್ತಾನೆ. ಉಳಿದ ಮೂವರು ಹರೀಶನ ಹಿಂದೆ ಹೋದರು. ಅವರಿಗೂ ನಾಗಭೂಷಣ ಮನೆಮನೆಗೆ ಹೋಗಿ ಹೇಳಿದ್ದ. ಒಬ್ಬರ ಮನೆಯಲ್ಲಿ ನೀರು ಕೂಡ ಕೊಡಲಿಲ್ಲ.

ವರ್ಷದ ದಿನ ಬೆಳಿಗ್ಗೆ ಎಡೆ ಹೊತ್ತು ಉಚ್ಚಮ್ಮನ ಕುಣಿಯ ಹತ್ತಿರ ಹೋಗಲು ಎಲ್ಲರೂ ಸೇರಿದ್ದರು. ಆಗ ಗೋವಿಂದಪ್ಪ ಹಿರಿಯರ ಪರವಾಗಿ ಒಂದು ಮಾತು ಎತ್ತಿದ. ಮಣ್ಣಿಗೆ ಬಾರದ ಮಗ ಎಡೆ ಇಡುವ ಮುಂಚೆ ಎಲ್ಲರ ಮುಂದೆ ಅಡ್ಡ ಬಿದ್ದು ತಪ್ಪಾಯಿತು ಅನ್ನಬೇಕು, ಅದು ಪದ್ಧತಿ ಎಂದ. ಎಲ್ಲವೂ ಗೊತ್ತಾದ ಮೇಲೂ ಹೀಗೆ ಅಂದ. ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವುದರೊಳಗೆ ನಾಗಭೂಷಣ ಹೇಳಿದ:

"ಅವ್ವಗ ಸಾವಿರ ಸಲ ಅಡ್ಡ ಬೀಳ್ತೀನಿ ಕಾಕಾ. ತಪ್ಪಾತು ಅನ್ನಂಗಿಲ್ಲ. ನಾ ತಪ್ಪು ಮಾಡಿಲ್ಲ."

ಗುಂಪಿನಲ್ಲಿ ಗೊಣಗಾಟ ಎದ್ದಿತು. ಎಡೆಯ ಬುಟ್ಟಿ ಹಿಡಿದು ನಿಂತಿದ್ದ ಶಿವಲಕ್ಷ್ಮಿ ಮುಂದೆ ಬಂದಳು. ಹಿರಿಯರ ಎದುರು ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಎರಡು ದಿನ ಆ ಪೆಟ್ಟಿಗಿ ಕಾದಾಕಿ ನಾನು," ಎಂದಳು. "ತಪ್ಪಾತು ಅನ್ನಬೇಕಾದೋರು ಬ್ಯಾರೆ ಅದಾರ. ಮೊನ್ನೆ ಅವರಿಗೆ ಶಾಲು ಹೊದಿಸಿ ಬಂದೀರಿ. ಅವರನ್ನ ಇಲ್ಲಿಗೆ ಕರ್ಕೊಂಡ್ ಬರ್ರಿ, ಅಲ್ಲೀತನ ನನ್ನ ಗಂಡನ್ನ ಏನೂ ಕೇಳಬ್ಯಾಡ್ರಿ." ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊಲದ ದಾರಿ ಹಿಡಿದಳು. ಮಗಳ ಕೈ ಹಿಡಿದು ನಾಗಭೂಷಣ ಅವಳ ಹಿಂದೆ ನಡೆದ.

ಅರ್ಧ ಜನ ಅಲ್ಲಿಂದಲೇ ತಿರುಗಿ ಮನೆಗೆ ಹೋದರು, ಗೋವಿಂದಪ್ಪನೂ ಹೋದ. ಉಳಿದವರು ಕುಣಿಯವರೆಗೂ ಬಂದರು. ನಾಗಭೂಷಣ ಮಣ್ಣಿಗೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಮಧ್ಯಾಹ್ನ ನಾವು ಉಂಡೆವು. ಮಾಡಿದ ಹೋಳಿಗೆ ಉಳಿಯಿತು. ಶಿವಲಕ್ಷ್ಮಿ ಅದನ್ನು ಓಣಿಯ ಮಕ್ಕಳಿಗೆ ಹಂಚಿದಳು.

ಈಗ ಅವನು ಈಸಲ್ಮಿಯಲ್ಲಿದ್ದಾನೆ. ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಾನೆ. ಹರೀಶನ ಕೇಸು ಕೋರ್ಟಿಗೆ ಬಂದಿದೆ, ನಾಗಭೂಷಣ ಸಾಕ್ಷಿ ಹೇಳಬೇಕು. ಯಾವ ಭಾಷೆಯಲ್ಲಿ ಹೇಳುತ್ತೀರಿ ಎಂದು ಅಲ್ಲಿನವರು ಕೇಳಿದರಂತೆ. ಕನ್ನಡ ಎಂದ. ಇಂಗ್ಲಿಷ್ ಅಥವಾ ತೆಲುಗಾದರೆ ಅನುವಾದಕರು ಬೇಗ ಸಿಗುತ್ತಾರೆ, ಕನ್ನಡದಿಂದ ತಿರುಗಿಸುವವರನ್ನು ಹುಡುಕಬೇಕು, ತಡವಾಗುತ್ತದೆ ಎಂದರಂತೆ.

"ನಾ ಹುಡುಕ್ರಿ ಅಂದೆ ಅಣ್ಣ," ಎಂದ ನನಗೆ. "ತೆಲುಗು ನನಗೂ ಬರ್ತೈತಿ. ಆದ್ರ ಈ ಮಾತು ಮಾತ್ರ ಅವ್ವ ಕಲಿಸಿದ ಮಾತಿನ್ಯಾಗ ಹೇಳ್ತೀನಿ."

ಹುಡುಕುತ್ತಿದ್ದಾರೆ. ಕೋರ್ಟಿನ ತಾರೀಕು ಇನ್ನೂ ಗೊತ್ತಾಗಿಲ್ಲ.